ಪಾಲಿಗೆ ಬಂದ ಪೀಪಿ

ಮೂರು ವರ್ಷದಿಂದ ಪಣಕಹಳ್ಳಿಯ ಜನ ಬೆಳಿಗ್ಗೆ ಆರಕ್ಕೆ ಏಳುತ್ತಿದ್ದುದು ಕೋಳಿಯ ಕೂಗಿಗಲ್ಲ, ವೃಷಭೇಂದ್ರನ ಪೀಪಿಗೆ. ಕೋಳಿಯಾದರೆ ನಾಲ್ಕು ಸಲ ಕೂಗಿ ಸುಮ್ಮನಾಗುತ್ತದೆ. ವೃಷಭೇಂದ್ರ ಮುಕ್ಕಾಲು ಗಂಟೆ ಬಿಡುತ್ತಿರಲಿಲ್ಲ. ಐವತ್ತೆರಡು ವರ್ಷದ ಗಂಡಸು, ಎರಡು ಎಕರೆ ಮುಸುಕಿನ ಜೋಳ, ಅರ್ಧ ಎಕರೆ ಟೊಮ್ಯಾಟೊ, ಮೂರು ಹಸು ಇರುವ ಸಂಸಾರಸ್ಥ, ಹಣೆ ತುಂಬ ವಿಭೂತಿ ಬಳಿದುಕೊಂಡು ಜಗುಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಗೇಣುದ್ದವೂ ಇಲ್ಲದ ಒಂದು ಕರಿ ಪೀಪಿಯನ್ನು ಬಾಯಿಗಿಟ್ಟು ಕೆನ್ನೆ ಬಿಗಿದು ಊದುತ್ತಿದ್ದ. ಅದರಿಂದ ಬರುತ್ತಿದ್ದ ಸದ್ದನ್ನು ಸಂಗೀತ ಎನ್ನುವಷ್ಟು ದೊಡ್ಡ ಮನಸ್ಸು ಊರಿನಲ್ಲಿ ಯಾರಿಗೂ ಇರಲಿಲ್ಲ.

ಅದು ಪೂರ್ತಿ ವಾದ್ಯವೂ ಅಲ್ಲ. ಕ್ಲಾರಿನೆಟ್ಟಿನ ಬಾಯಿಭಾಗ ಮಾತ್ರ. ಬ್ಯಾಂಡಿನವರು ಮೌತ್‌ಪೀಸ್ ಎನ್ನುತ್ತಾರೆ, ಊರವರು ಪೀಪಿ ಎಂದು ಕರೆದು ಕೈತೊಳೆದುಕೊಂಡಿದ್ದರು. ಅದರ ಒಂದು ಬದಿಗೆ ತೆಳ್ಳಗೆ ಹೆರೆದ ಪಟ್ಟಿಯೊಂದನ್ನು ಬಿಗಿದಿರುತ್ತಾರೆ, ಊದಿದರೆ ಆ ಪಟ್ಟಿ ಅದುರಿ ಸದ್ದು ಹುಟ್ಟುತ್ತದೆ. ಉಳಿದ ಕ್ಲಾರಿನೆಟ್, ಅಂದರೆ ತೂತುಗಳೂ ಬೆಳ್ಳಿ ಬಣ್ಣದ ಕೀಲಿಗಳೂ ಇರುವ ಉದ್ದನೆಯ ಕೊಳವೆ, ಅದೇ ಜಗುಲಿಯ ಆಚೆ ತುದಿಯಲ್ಲಿ ತಮ್ಮ ಸೋಮಶೇಖರನ ಮನೆಯಲ್ಲಿತ್ತು. ನಡುವೆ ಒಂದು ಸಾಲು ಇಟ್ಟಿಗೆ. ಆ ಇಟ್ಟಿಗೆ ದಾಟಿ ಅಣ್ಣತಮ್ಮಂದಿರು ಒಂದು ಮಾತಾಡಿ ಮೂರು ವರ್ಷವಾಗಿತ್ತು.

ಕ್ಲಾರಿನೆಟ್ ಅವರಪ್ಪ ಚಿಕ್ಕಬಸಪ್ಪನದು. ಮೈಸೂರಿನಲ್ಲಿ ಯಾರೋ ಬ್ಯಾಂಡ್ ಸೆಟ್ ಮುಚ್ಚಿದಾಗ ಕೊಂಡು ತಂದದ್ದು. ಸೋಮವಾರ ಸಂಜೆ ಮಠದ ಭಜನೆಗೆ ನುಡಿಸುತ್ತಿದ್ದ. ಅದಕ್ಕಿಂತ ಹೆಚ್ಚಾಗಿ, ಮನೆತನದಲ್ಲಿ ಯಾರದೇ ಮದುವೆಯಾಗಲಿ, ಚಪ್ಪರಕ್ಕೆ ಹಾಲುಗಂಬ ನೆಡುವ ಹೊತ್ತಿಗೆ ಅವನೇ ಎದ್ದು ಒಂದು ಮಟ್ಟು ನುಡಿಸಬೇಕು. ಅವನೇ ಕಟ್ಟಿದ ಮಟ್ಟು, ಅದಕ್ಕೆ ಹೆಸರಿಲ್ಲ, ಹಾಲುಗಂಬದ ಮಟ್ಟು ಎಂದೇ ಎಲ್ಲರ ಬಾಯಲ್ಲಿ. ದುಡ್ಡು ಕೊಟ್ಟು ಕರೆಸಿದ ವಾದ್ಯದವರು ಆಮೇಲೆ ಏನು ಬೇಕಾದರೂ ಬಾರಿಸಿಕೊಳ್ಳಲಿ, ಆ ಗಳಿಗೆ ಮಾತ್ರ ಚಿಕ್ಕಬಸಪ್ಪನದು.

ನುಡಿಸಿದ ಮೇಲೆ ಕೊಳವೆಯನ್ನು ಒರೆಸಿ ಪೆಟ್ಟಿಗೆಗೆ ಹಾಕಿ ಮಂಚದ ಕೆಳಗೆ ತಳ್ಳುತ್ತಿದ್ದ. ಪೀಪಿಯನ್ನು ಮಾತ್ರ ಪೆಟ್ಟಿಗೆಗೆ ಹಾಕುತ್ತಿರಲಿಲ್ಲ. ಬಾಯಿಗೆ ಮುಟ್ಟುವ ವಸ್ತು, ಅದೇ ಬಾಯಲ್ಲಿ ಶಿವನ ಹೆಸರು ಹೊರಡುತ್ತದೆ, ಅದು ಮಂಚದ ಕೆಳಗೆ ಜಿರಳೆಯ ಜೊತೆ ಮಲಗಬಾರದು ಎಂದು ತೊಳೆದು, ಹಳೆಯದೊಂದು ಹಿತ್ತಾಳೆ ವಿಭೂತಿ ಡಬ್ಬದಲ್ಲಿಟ್ಟು ದೇವರ ಗೂಡಿಗೆ ಏರಿಸುತ್ತಿದ್ದ. ಎಲ್ಲ ತಕರಾರೂ ಹುಟ್ಟಿದ್ದು ಈ ಮಡಿಯಿಂದ.

ಚಿಕ್ಕಬಸಪ್ಪ ತೀರಿಹೋದ ಮಾರನೇ ವರ್ಷ ಮನೆ ಪಾಲಾಯಿತು. ಜಗಳವಾಡಿ ಪಾಲಾದದ್ದಲ್ಲ, ಎರಡು ಸಂಸಾರಕ್ಕೆ ಜಾಗ ಸಾಲದೆ ಆದದ್ದು. ಸರ್ವೇಯರ್ ಬಂದು ಅಳೆದು, ಪಟ್ಟಾ ಬೇರೆಯಾಯಿತು. ಹಸು, ಪಾತ್ರೆ, ನೇಗಿಲು, ಎಲ್ಲ ಸಲೀಸು. ಕೊನೆಗೆ ಸಣ್ಣಪುಟ್ಟ ಸಾಮಾನು ಉಳಿದಾಗ ಪಾಲು ಹಂಚಲು ಕುಳಿತಿದ್ದ ಊರ ಹಿರಿಯ ಪ್ರಭುಸ್ವಾಮಿಗೆ ಊಟದ ಹೊತ್ತು ಮೀರಿತ್ತು. ದೇವರ ಗೂಡು, ಅದರಲ್ಲಿರುವುದೆಲ್ಲ ಹಿರಿಯವನಿಗೆ. ಅಪ್ಪನ ಮಂಚ, ಅದರ ಕೆಳಗಿರುವುದೆಲ್ಲ ಕಿರಿಯವನಿಗೆ ಎಂದು ಒಂದೇ ಉಸಿರಿಗೆ ಹೇಳಿ ಎದ್ದುಬಿಟ್ಟರು. ಹತ್ತು ಜನ ಹೂಂ ಎಂದರು. ಅಣ್ಣತಮ್ಮಂದಿರೂ ತಲೆಯಾಡಿಸಿದರು. ಹೀಗೆ ಒಂದು ಕ್ಲಾರಿನೆಟ್ ಯಾರ ಕಣ್ಣಿಗೂ ಬೀಳದೆ ಎರಡು ಪಾಲಾಯಿತು.

ಗೊತ್ತಾದದ್ದು ಮೂರು ದಿನದ ಮೇಲೆ. ಸೋಮಶೇಖರ ಪೆಟ್ಟಿಗೆ ತೆರೆದು, ಪೀಪಿ ಕಾಣದೆ, ಇಟ್ಟಿಗೆ ದಾಟಿ ಬಂದು ಕೇಳಿದ. ವೃಷಭೇಂದ್ರನಿಗೆ ಅದೇ ಹೊತ್ತಿಗೆ ಕೊಳವೆ ಕೇಳಬೇಕೆಂದಿತ್ತು. ಕೊಡು ಎಂದರೆ ನೀ ಕೊಡು ಎಂದಾಯಿತು. ಹತ್ತು ಜನರ ಮುಂದೆ ಆದ ಪಾಲನ್ನು ತಿದ್ದುವುದು ಹೇಗೆ ಎಂದು ಇಬ್ಬರೂ ಒಬ್ಬರಿಗೊಬ್ಬರು ನ್ಯಾಯ ಹೇಳಿದರು. ಬಾಯಿ ಬಂದರೆ ಎಲ್ಲ ಬಂದಂತೆ, ಒಂದು ವರ್ಷ ಬರೀ ಪೀಪಿ ಊದದೆ ಕೊಳವೆ ಮುಟ್ಟಬಾರದು ಎಂದು ಅಪ್ಪ ಹೇಳಿದ್ದಾನೆ ಎಂದ ಅಣ್ಣ. ಬೆರಳು ಬಂದರೆ ಎಲ್ಲ ಬಂದಂತೆ ಎಂದು ಹೇಳಿದ್ದಾನೆ ಎಂದ ತಮ್ಮ. ಚಿಕ್ಕಬಸಪ್ಪ ಎರಡನ್ನೂ ಹೇಳಿದ್ದಿರಬೇಕು, ಎದುರಿಗೆ ಯಾರು ಕುಳಿತಿದ್ದರೋ ಅವರನ್ನು ನೋಡಿಕೊಂಡು. ಚಿಕ್ಕಂದಿನಲ್ಲಿ ಅಪ್ಪ ನುಡಿಸುವಾಗ ವೃಷಭೇಂದ್ರ ಕಂಬಕ್ಕೊರಗಿ ಕಣ್ಣು ಮುಚ್ಚಿ ಕೇಳುತ್ತಿದ್ದ. ಸೋಮಶೇಖರ ಅಪ್ಪನ ಮಂಡಿಯ ಹತ್ತಿರ ಕುಳಿತು ಕೈಯನ್ನೇ ನೋಡುತ್ತಿದ್ದ. ಒಬ್ಬನೇ ಅಪ್ಪನಿಂದ ಇಬ್ಬರೂ ಬೇರೆ ಬೇರೆ ಪಾಠ ಕಲಿತು ಕೂತಿದ್ದರು.

ಆವತ್ತು ಮಾತಿಗೆ ಮಾತು ಬೆಳೆಯಿತು. "ಸೀಟಿ ಒಡಿಯಕ್ಕೂ ಉಸ್ರಿಲ್ಲ ನಿಂಗ, ಪೀಪಿ ತಕ್ಕಂಡು ಯಾನ ಮಾಡೀಯ?" ಎಂದ ವೃಷಭೇಂದ್ರ.

"ನಿಂದು ಬರೀ ಗಾಳಿ ಕಣಣ್ಣ. ಗಾಳಿ ಬುಟ್ರ ಯಾನದ ನಿನ್ನತ್ರ?" ಎಂದು ಸೋಮಶೇಖರ ಇಟ್ಟಿಗೆ ದಾಟಿ ಹೋದವನು ಮತ್ತೆ ಬರಲಿಲ್ಲ.

ಅಂಗಡಿಯಲ್ಲಿ ಹೊಸ ಪೀಪಿ ಸಿಗುವುದಿಲ್ಲವೇ ಎಂದು ಕೇಳಿದವರಿದ್ದರು. ಸಿಗುತ್ತದೆ. ಅಪ್ಪನ ಬಾಯಿ ತಾಗಿದ್ದು ಇರುವಾಗ ಅಂಗಡಿಯದು ಯಾಕೆ ಎಂದ ಸೋಮಶೇಖರ. ಹೊಸ ಕೊಳವೆಯ ಮಾತೆತ್ತಿದರೆ ವೃಷಭೇಂದ್ರನದೂ ಅದೇ ಉತ್ತರ. ಹಟದಲ್ಲಿ ಮಾತ್ರ ಇಬ್ಬರೂ ಅಪ್ಪನಿಂದ ಒಂದೇ ಪಾಠ ಕಲಿತಿದ್ದರು. ಇಷ್ಟಾದರೂ ಇಬ್ಬರ ಹೆಂಡಿರು ಹಿತ್ತಿಲ ಗೋಡೆಯ ಮೇಲೆ ಸಾರು ಪಲ್ಯ ದಾಟಿಸಿಕೊಂಡು ಹರಟುವುದನ್ನು ಒಂದು ದಿನವೂ ನಿಲ್ಲಿಸಿರಲಿಲ್ಲ. ಅವ್ವ ಶಾಂತಮಲ್ಲಮ್ಮ ಪಾಲಿಗೆ ಸೇರದ ವಸ್ತು. ಒಂದು ತಿಂಗಳು ಈ ಮನೆ, ಒಂದು ತಿಂಗಳು ಆ ಮನೆ. ಒಂದನೇ ತಾರೀಖು ಚಾಪೆ ಸುತ್ತಿಕೊಂಡು ಇಟ್ಟಿಗೆ ದಾಟುತ್ತಿದ್ದಳು. ಆ ಮನೆಯಲ್ಲಿ ಕಂಡದ್ದನ್ನು ಈ ಮನೆಯಲ್ಲಿ ಆಡುತ್ತಿರಲಿಲ್ಲ, ಈ ಮನೆಯದನ್ನು ಅಲ್ಲಿ ಆಡುತ್ತಿರಲಿಲ್ಲ. ಅದು ಅವಳು ಮಾಡಿಕೊಂಡ ನೇಮ.

ಹೀಗೆ ವೃಷಭೇಂದ್ರನ ಸಾಧನೆ ಶುರುವಾಯಿತು. ಮೊದಲ ದಿನ ಊದಿದಾಗ ಬಂದ ಕೀರಲಿಗೆ ಕರು ಹಗ್ಗ ಕಿತ್ತುಕೊಂಡು ಓಡಿತು, ಅದನ್ನು ಹಿಡಿದು ತರಲು ಮಧ್ಯಾಹ್ನವಾಯಿತು. ಹಾಲು ಕರೆಯುವ ಹೊತ್ತಿನಲ್ಲಿ ಊದಿದರೆ ಹಸು ಹಾಲು ಬಿಡದು ಎಂದು ಹೆಂಡತಿ ಚನ್ನಬಸಮ್ಮ ಕಟ್ಟುನಿಟ್ಟು ಮಾಡಿದಳು. ಜಗುಲಿಯಲ್ಲಿ ಮುಕ್ಕಾಲು ಗಂಟೆ, ಉಳಿದದ್ದು ಹೊಲದಲ್ಲಿ ಎಂದು ರಾಜಿಯಾಯಿತು. ಹೊಲದಲ್ಲಿ ಒಂದು ಪವಾಡ ನಡೆಯಿತು. ಜೋಳ ಹಾಲುಕಟ್ಟುವಾಗ ಗಿಣಿಗಳು ಹಿಂಡುಹಿಂಡಾಗಿ ಇಳಿದು ತೆನೆ ಸಿಗಿಯುವ ಕಾಲ. ಪೀಪಿಯ ಸದ್ದಿಗೆ ಅವು ಒಟ್ಟಿಗೆ ಎದ್ದು ಪಕ್ಕದ ಹೊಲಕ್ಕೆ ಹೋದವು. ಪಕ್ಕದ ಹೊಲದವರು ಬಂದು, ನಾಳೆ ನಮ್ಮ ಬದುವಿನ ಮೇಲೆ ಕುಳಿತು ಅಭ್ಯಾಸ ಮಾಡು, ಕಾಫಿ ಕಳಿಸುತ್ತೇವೆ ಎಂದರು. ತನ್ನ ಸಂಗೀತಕ್ಕೆ ಸಿಕ್ಕ ಮೊದಲ ಮರ್ಯಾದೆ ಅದು ಎಂದು ವೃಷಭೇಂದ್ರ ಹೋಗಿ ಕುಳಿತ. ಕಾಫಿ ನಿಜವಾಗಿಯೂ ಬಂತು.

ನಗುವವರು ನಗಲಿ, ಅವನಿಗೆ ಕೆಲಸ ಹತ್ತಿತ್ತು. ಪೀಪಿ ಒಂದರಿಂದ ಒಂದೇ ಸ್ವರ ಹೊರಡುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ತುಟಿ ಸ್ವಲ್ಪ ಸಡಿಲಿಸಿ, ಗಂಟಲು ತೆರೆದು, ಹಾಡುವವರು ಒಳಗೇ ಸ್ವರ ನೆನೆಯುವ ಹಾಗೆ ನೆನೆದರೆ ಅದೇ ಸ್ವರ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ ಎಂದು ಅವನಿಗೆ ಗೊತ್ತಾದದ್ದು ಎಂಟನೇ ತಿಂಗಳಲ್ಲಿ. ಎರಡನೇ ವರ್ಷಕ್ಕೆ ಮೂರು ಸ್ವರವಾಯಿತು, ಮೂರನೇ ವರ್ಷಕ್ಕೆ ನಾಲ್ಕೂವರೆ. ಒಂದು ಸ್ವರವನ್ನು ಅಲುಗದಂತೆ ಹಿಡಿದು ಟೊಮ್ಯಾಟೊ ಸಾಲಿನ ಈ ತುದಿಯಿಂದ ಆ ತುದಿಯವರೆಗೆ ನಡೆಯುತ್ತಿದ್ದ. ಸಂತೋಷವಾಗುತ್ತಿತ್ತು. ಅದನ್ನು ಹೇಳಿಕೊಳ್ಳಲು ತಮ್ಮನೊಬ್ಬನೇ ಸರಿಯಾದ ಜನ, ಅವನಿಗೇ ಹೇಳುವಂತಿಲ್ಲ ಎಂಬುದೊಂದೇ ಕೊರಗು. ಸಂಜೆ ಒಮ್ಮೊಮ್ಮೆ ಹಿತ್ತಿಲ ಗೋಡೆಯ ಮೇಲಿಂದ ಕಾಣುತ್ತಿತ್ತು. ಸೋಮಶೇಖರ ಹಿತ್ತಿಲ ಕಲ್ಲಿನ ಮೇಲೆ ಬೆನ್ನು ತಿರುಗಿಸಿ ಕುಳಿತು, ಕೊಳವೆಯನ್ನು ತೊಡೆಯ ಮೇಲಿಟ್ಟುಕೊಂಡು ಕೈಯಾಡಿಸುತ್ತಿರುತ್ತಿದ್ದ. ಒರೆಸಿ ಒರೆಸಿ ಮಾರುವುದಕ್ಕೆ ಹೊಳಪು ಕೊಡುತ್ತಿದ್ದಾನೆ ಎಂದು ವೃಷಭೇಂದ್ರ ಹಲ್ಲು ಕಚ್ಚುತ್ತಿದ್ದ.

ಈ ವರ್ಷ ಸೋಮಶೇಖರನ ಮಗಳು ಬಿಂದುಶ್ರೀಗೆ ಮದುವೆ ಗೊತ್ತಾಯಿತು. ಅವಳು ತಾಳವಾಡಿಯಲ್ಲಿ ಸ್ಕೂಲ್ ಟೀಚರ್, ಗಂಡು ಗೆಟ್ಟವಾಡಿಯವನು. ಅವಳಿಗೆ ಇಟ್ಟಿಗೆಯ ಸಾಲು ಎಂದೂ ಕಂಡಿರಲಿಲ್ಲ. ಹುಟ್ಟಿದಾಗಿನಿಂದ ದೊಡ್ಡಪ್ಪನ ಹೆಗಲ ಮೇಲೆ ಬೆಳೆದವಳು, ಪಾಲಾದ ಮೇಲೂ ದಿನಕ್ಕೆರಡು ಸಲ ದಾಟುತ್ತಿದ್ದಳು. ಒಂದು ಭಾನುವಾರ ಬಂದು ಅವನು ಪೀಪಿ ತೊಳೆಯುತ್ತಿದ್ದ ಕಡೆ ಕುಕ್ಕರುಗಾಲಿನಲ್ಲಿ ಕುಳಿತಳು.

"ದೊಡ್ಡಪ್ಪ, ನೀ ಊದೀಯೋ, ಅಪ್ಪ ಊದ್ತಾನೋ, ನಂಗೊತ್ತಿಲ್ಲ," ಎಂದಳು. "ತಾತನ ಮಟ್ಟಿಲ್ದ ನನ್ ಆಲುಗಂಬ ನೆಡಂಗಿಲ್ಲ. ಇಬ್ರಿಗೂ ಏಳಿವ್ನಿ."

ಹಾಗೆಂದು ಆ ಮಟ್ಟನ್ನು ಗುನುಗಿದಳು. ಅಲ್ಲಲ್ಲಿ ಎಡವಿದಳು, ಮೂರನೇ ಸಾಲಿಗೆ ಬಂದು ನಿಂತು, ಆಮೇಲೆ ಇನ್ನೂ ಏನೋ ಇತ್ತಲ್ಲ ಎಂದು ಹುಬ್ಬು ಗಂಟಿಕ್ಕಿದಳು. ಇಲ್ಲ, ಮೂರೇ ಸಾಲು ಎಂದ ವೃಷಭೇಂದ್ರ. ಅವನ ಕಿವಿಯಲ್ಲಿ ಇದ್ದದ್ದೂ ಅಷ್ಟೇ. ಅವಳು ಎದ್ದು ಹೋದ ಮೇಲೆ ಅವನಿಗೆ ಹೆದರಿಕೆಯಾಯಿತು. ಅಪ್ಪ ಹೋದ ಮೇಲೆ ಆ ಮಟ್ಟನ್ನು ಯಾರೂ ನುಡಿಸಿಲ್ಲ. ಇವಳ ಹಾಲುಗಂಬದಲ್ಲಿ ನುಡಿಯದಿದ್ದರೆ ಇನ್ನು ಅದು ಎಡವುತ್ತ ಗುನುಗುವವರ ಬಾಯಲ್ಲಿ ಉಳಿದಷ್ಟೇ ಉಳಿಯುವುದು, ಅವರ ಮಕ್ಕಳ ಹೊತ್ತಿಗೆ ಅದೂ ಇಲ್ಲ. ಮದುವೆಗೆ ಇನ್ನು ಮೂರು ವಾರವಿತ್ತು.

ಕೊಳವೆ ಕೇಳುವುದಂತೂ ಇಲ್ಲ, ಆದರೆ ಮಟ್ಟು ನುಡಿಸಲೇಬೇಕು. ವೃಷಭೇಂದ್ರ ಬರೀ ಪೀಪಿಯಲ್ಲಿ ಪ್ರಯತ್ನಿಸಿದ. ನಾಲ್ಕೂವರೆ ಸ್ವರದಲ್ಲಿ ಏಳು ಸ್ವರದ ಮಟ್ಟು ಹಿಡಿಸಲಿಲ್ಲ. ಪರಂಗಿ ಎಲೆಯ ದಂಟನ್ನು ಕತ್ತರಿಸಿ ಪೀಪಿಗೆ ಸಿಕ್ಕಿಸಿ ಊದಿದ. ದಂಟು ಸೀಳಿತು. ಆಮೇಲೆ ಹೊಲದಲ್ಲಿ ಬಿದ್ದಿದ್ದ ನೀರಿನ ಪೈಪಿನ ತುಂಡೊಂದನ್ನು ತಂದು, ಮೊಳೆ ಕಾಯಿಸಿ ಆರು ತೂತು ಸುಟ್ಟು, ಸೈಕಲ್ ಟ್ಯೂಬಿನ ಚೂರಿನಿಂದ ಬಿಗಿದು ಕೂರಿಸಿದ. ಮನೆ ತುಂಬ ಪ್ಲಾಸ್ಟಿಕ್ ಸುಟ್ಟ ವಾಸನೆ. ನಾಲ್ಕು ದಿನದ ಮೇಲೆ ಮಟ್ಟಿನ ಮೊದಲ ಸಾಲು ಬಂತು, ನೆಗಡಿಯಾದವರು ಹಾಡಿದ ಹಾಗೆ. ಚನ್ನಬಸಮ್ಮ ಒಲೆಯ ಮುಂದಿನಿಂದ ತಿರುಗಿ ನೋಡಿ, ಮಾವನವರು ಇದನ್ನು ಕೇಳಿದ್ದರೆ ಇನ್ನೊಂದು ಸಲ ಪ್ರಾಣ ಬಿಡುತ್ತಿದ್ದರು ಎಂದಳು. ವೃಷಭೇಂದ್ರನಿಗೆ ಸಿಟ್ಟು ಬರಲಿಲ್ಲ. ತನಗೂ ಹಾಗೇ ಅನ್ನಿಸಿತ್ತು.

ಹಾಲುಗಂಬ ಎರಡನೇ ತಾರೀಖು. ಒಂದನೇ ತಾರೀಖು ಬೆಳಿಗ್ಗೆ ಅವ್ವ ಎಂದಿನಂತೆ ಚಾಪೆ ಸುತ್ತಿ, ಆಚೆ ಮನೆಗೆ ಹೊರಟು ನಿಂತಳು. ವೃಷಭೇಂದ್ರ ಹಿಂದಿನ ರಾತ್ರಿಯೆಲ್ಲ ಹೊರಳಾಡಿ ಒಂದು ತೀರ್ಮಾನಕ್ಕೆ ಬಂದಿದ್ದ. ವಿಭೂತಿ ಡಬ್ಬವನ್ನು ದೇವರ ಗೂಡಿನಿಂದ ಇಳಿಸಿ, ಕಣ್ಣಿಗೊತ್ತಿಕೊಂಡು, ಅವ್ವನ ಮುಂದೆ ಹಿಡಿದು, ಇದನ್ನು ಅವನಿಗೆ ಕೊಟ್ಟುಬಿಡು, ಅವನೇ ನುಡಿಸಲಿ ಎಂದ. ಮೂರು ವರ್ಷದ ಗಾಳಿಯನ್ನೆಲ್ಲ ಹೊರಕ್ಕೆ ಬಿಟ್ಟ ಹಾಗಾಯಿತು. ಅಳು ಬಂದರೂ ಬರಲಿ ಎನ್ನಿಸಿತು, ಬರಲಿಲ್ಲ.

ಅವ್ವ ಡಬ್ಬವನ್ನು ಮುಟ್ಟಲಿಲ್ಲ. "ಈ ಮನೆ ವಸ್ತುವ ಆ ಮನೇಗ ನಾ ಒತ್ಕಂಡೋಗಂಗಿಲ್ಲ. ನಿಂಗ ಕೊಡ್ಬೇಕು ಅನ್ಸಿದ್ರ ನಿಂಗ ಕಾಲಿಲ್ವಾ?" ಎಂದು, ಚಾಪೆಯನ್ನು ಕಂಕುಳಿಗೆ ಸೇರಿಸಿ ಇಟ್ಟಿಗೆ ದಾಟಿ ಹೋದಳು.

ಮಾರನೇ ಬೆಳಿಗ್ಗೆ ಸೋಮಶೇಖರನ ಅಂಗಳದಲ್ಲಿ ನೆಂಟರು ತುಂಬಿದ್ದರು. ಹಸಿ ತೆಂಗಿನ ಗರಿ ರಾಶಿ ಬಿದ್ದಿತ್ತು. ಹಾಲುಗಂಬಕ್ಕೆಂದು ಕಡಿದು ತಂದ ಅತ್ತಿಯ ಕೊಂಬೆಗೆ ಅರಿಸಿನದ ಬಟ್ಟೆಯಲ್ಲಿ ನವಧಾನ್ಯ ಕಟ್ಟಿದ್ದರು. ಗುಂಡಿ ತೋಡಿತ್ತು, ಐದು ಜನ ಮುತ್ತೈದೆಯರು ಹಾಲಿನ ಗಿಂಡಿ ಹಿಡಿದು ನಿಂತಿದ್ದರು, ಅವರಲ್ಲಿ ಚನ್ನಬಸಮ್ಮನೂ ಒಬ್ಬಳು. ಮಠದ ಅಯ್ಯನವರು ಕೈಗಡಿಯಾರ ನೋಡಿಕೊಂಡು, ಎಂಟೂಮುಕ್ಕಾಲರೊಳಗೆ ಆಗಬೇಕು ಎನ್ನುತ್ತಿದ್ದರು. ಆಗ ವೃಷಭೇಂದ್ರ ಜಗುಲಿ ಇಳಿದು, ವಿಭೂತಿ ಡಬ್ಬ ಹಿಡಿದು, ಎಲ್ಲರ ನಡುವೆ ಬಂದ. ಅಂಗಳ ತಾನಾಗಿ ಸುಮ್ಮನಾಯಿತು. ಹಾಗೆ ಸುಮ್ಮನಾದ ಅಂಗಳ ದಾಟುವುದು ಎಷ್ಟು ಕಷ್ಟ ಎಂದು ಅವನಿಗೆ ಅಂದೇ ಗೊತ್ತಾದದ್ದು. ತಮ್ಮನ ಮುಂದೆ ನಿಂತು ಡಬ್ಬವನ್ನು ಅವನ ಕೈಗಿಟ್ಟ.

"ತಕ್ಕ. ಇದು ನಿಂದೇಯ. ಕೂಸ್ಗ ನುಡ್ಸು," ಎಂದ.

ಸೋಮಶೇಖರ ಡಬ್ಬ ತೆರೆದು ನೋಡಿದ. ಒಳಗೆ ಹೋಗಿ ಪೆಟ್ಟಿಗೆ ತಂದ. ಕೊಳವೆಯನ್ನು ಜೋಡಿಸಿದ, ಕೊನೆಗೆ ಪೀಪಿಯನ್ನು ತಿರುವಿ ಕೂರಿಸಿದ. ಮೂರು ವರ್ಷದ ಮೇಲೆ ಕ್ಲಾರಿನೆಟ್ ಕ್ಲಾರಿನೆಟ್ಟಾಯಿತು. ಕೀಲಿಗಳೆಲ್ಲ ಥಳಥಳ, ಒಂದೂ ತುಕ್ಕು ಹಿಡಿದಿರಲಿಲ್ಲ, ಕೊಬ್ಬರಿ ಎಣ್ಣೆಯ ವಾಸನೆ ಬರುತ್ತಿತ್ತು. ಬಾಯಿಗಿಟ್ಟು ಊದಿದ. ಫುಸ್ಸೆಂದಿತು. ಮತ್ತೆ ಊದಿದ, ಕಿವಿಯವರೆಗೂ ಕೆಂಪಾದ, ಮತ್ತೆ ಫುಸ್ಸೆಂದಿತು. ನೆಂಟರಲ್ಲಿ ಯಾರೋ ಕೆಮ್ಮಿನ ನೆಪದಲ್ಲಿ ನಕ್ಕರು.

"ನಂಗ ಊದಕ್ಕ ಬರದಿಲ್ಲ ಕಣಣ್ಣ," ಎಂದು ಸೋಮಶೇಖರ ಸಣ್ಣ ದನಿಯಲ್ಲಿ ಹೇಳಿ ಕ್ಲಾರಿನೆಟ್ಟನ್ನು ಅಣ್ಣನ ಕಡೆ ಚಾಚಿದ. "ನೀ ಅಂದಿದ್ದು ದಿಟ."

ಅಲ್ಲಿದ್ದ ಒಂದು ಮುಕ್ಕಾಲಿಯ ಮೇಲೆ ವೃಷಭೇಂದ್ರ ಕುಳಿತ. ಊದಿದ. ಹೊರಟ ಸ್ವರಕ್ಕೆ ಅವನೇ ಬೆಚ್ಚಿದ. ದಿನಾ ಬೆಳಿಗ್ಗೆ ಕೀರಲಾಗಿ ಊರನ್ನು ಎಬ್ಬಿಸುತ್ತಿದ್ದ ಅದೇ ಉಸಿರು, ಕೊಳವೆಯೊಳಗೆ ಇಳಿದು ದುಂಡಗೆ, ಬೆಚ್ಚಗೆ, ಅಪ್ಪನದೇ ದನಿಯಾಗಿ ಬಂತು. ಗೊಬ್ಬರದ ಗುಂಡಿಯ ಹತ್ತಿರ ಕಟ್ಟಿದ್ದ ಹಸು ಕೂಡ ತಲೆಯೆತ್ತಿತು. ಚಿಕ್ಕಬಸಪ್ಪನನ್ನು ಕಂಡಿದ್ದ ಮುದುಕರೆಲ್ಲ ನೆಟ್ಟಗೆ ಕುಳಿತರು. ಒಂದೇ ಸ್ವರ, ಅದನ್ನು ಟೊಮ್ಯಾಟೊ ಸಾಲು ದಾಟುವಷ್ಟು ಹೊತ್ತು ಅಲುಗದಂತೆ ಹಿಡಿದ. ಹಿಡಿದು, ಮುಂದಿನ ಸ್ವರಕ್ಕೆ ಹೋಗಲು ಬೆರಳಿಟ್ಟ. ಕೀಚ್ ಎಂದಿತು. ತೂತುಗಳು ಎಲ್ಲೆಲ್ಲೋ ಇದ್ದವು, ಬೆರಳು ಎಲ್ಲೆಲ್ಲೋ ಹೋದವು, ಒಂದು ಮುಚ್ಚಿದರೆ ಇನ್ನೊಂದು ತೆರೆದುಕೊಂಡಿತು. ಮೂರು ವರ್ಷ ಬಾಯಿಯನ್ನಷ್ಟೇ ಸಾಕಿದವನ ಕೈ ಅದು, ಏನೂ ಗೊತ್ತಿರಲಿಲ್ಲ. ತಮ್ಮ ಅಂದದ್ದೂ ದಿಟವೇ, ಗಾಳಿ ಬಿಟ್ಟರೆ ಏನಿದೆ ತನ್ನ ಹತ್ತಿರ ಎಂದುಕೊಂಡು ತಲೆ ತಗ್ಗಿಸಿದ. ಬಿಂದುಶ್ರೀ ಹೊಸಿಲಿನಲ್ಲಿ ನಿಂತಿದ್ದಳು, ಅವಳ ಮುಖ ನೋಡಲು ಧೈರ್ಯವಾಗಲಿಲ್ಲ. ಅಯ್ಯನವರು ಹೊತ್ತಾಯಿತು ಎಂದರು.

ಆಗ ಶಾಂತಮಲ್ಲಮ್ಮ ತನ್ನ ನೇಮ ಮುರಿದಳು. ಜಗುಲಿಯ ಮೇಲೆ ಕುಳಿತಿದ್ದವಳು ಕೋಲೆತ್ತಿ ಚಪ್ಪರದ ಬೊಂಬಿನ ಕಡೆ ತೋರಿಸಿ, "ಸೋಮನ ಕೈ ನೋಡ್ಲಾ ವೃಷಬ," ಎಂದಳು. "ಮೂರ್ ವರ್ಷದಿಂದ ಈ ಮನೇಲಿ ಸಂಜವೊತ್ತು ನಾ ನೋಡಿರದು ಅದೊಂದೇಯ."

ವೃಷಭೇಂದ್ರ ನೋಡಿದ. ಸೋಮಶೇಖರ ಬೊಂಬನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ, ತನಗೇ ಗೊತ್ತಿಲ್ಲದೆ ಅವನ ಬೆರಳು ಬೊಂಬಿನ ಮೇಲೆ ಏಳುತ್ತಿದ್ದವು, ಬೀಳುತ್ತಿದ್ದವು. ಅವು ಅಪ್ಪನ ಬೆರಳು. ಅದೇ ಕಿರುಬೆರಳ ಚಾಚು, ಅದೇ ಹೆಬ್ಬೆರಳ ಮಿಡುಕು. ಹಿತ್ತಿಲ ಕಲ್ಲಿನ ಮೇಲೆ ಕುಳಿತು ತಮ್ಮ ಮಾಡುತ್ತಿದ್ದುದು ಹೊಳಪು ಕೊಡುವ ಕೆಲಸವಲ್ಲ ಎಂದು ಆಗ ತಿಳಿಯಿತು. ಸದ್ದಿಲ್ಲದ ಕೊಳವೆಯ ಮೇಲೆ ಮೂರು ವರ್ಷ, ಮಳೆ ಚಳಿ ಎನ್ನದೆ, ಒಂದು ಸ್ವರವೂ ಕೇಳಿಸದೆ ನುಡಿಸಿದ್ದ. ತನ್ನ ಸಾಧನೆಯಿಂದ ಊರೆಲ್ಲ ನಿದ್ದೆಗೆಟ್ಟಿತು. ಅವನದು ಪಕ್ಕದ ಗೋಡೆಗೂ ಗೊತ್ತಾಗಲಿಲ್ಲ. ವೃಷಭೇಂದ್ರನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಪ್ರೀತಿ ಉಕ್ಕಿತು.

ಬಾ ಎಂದು ಕೈಯಲ್ಲೇ ಕರೆದ. ಸೋಮಶೇಖರ ಎದುರಿಗೆ ಬಂದು ಮಂಡಿಯೂರಿ ಕೊಳವೆಯ ಮೇಲೆ ಬೆರಳಿಟ್ಟ. ಅಣ್ಣ ಊದಿದ. ಎದುರಿನಿಂದ ಹಿಡಿದರೆ ಎಲ್ಲ ತಲೆಕೆಳಗು, ಹೆಬ್ಬೆರಳಿನ ತೂತು ಸಿಗುವುದೇ ಇಲ್ಲ. ಬಂದದ್ದು ಗಿಣಿ ಓಡಿಸುವ ಸದ್ದು. ಈ ಸಲ ಜನ ಬಾಯಿಬಿಟ್ಟೇ ನಕ್ಕರು, ಬಿಂದುಶ್ರೀಯೂ ನಕ್ಕಳು. ಪಕ್ಕದಿಂದ ಹಿಡಿದು ನೋಡಿದರು, ಆಗಲಿಲ್ಲ. ಇನ್ನು ಉಳಿದದ್ದು ಒಂದೇ ದಾರಿ, ಅದು ಇಬ್ಬರಿಗೂ ಗೊತ್ತಾಯಿತು. ಆಮೇಲೆ ಸೋಮಶೇಖರ ಮುಕ್ಕಾಲಿಯ ಹಿಂದೆ ಹೋದ. ಬಗ್ಗಿದ. ಎರಡು ತೋಳನ್ನೂ ಅಣ್ಣನ ಸುತ್ತ ಚಾಚಿ, ಅವನ ಎದೆಯ ಮುಂದೆ ಕೊಳವೆಯನ್ನು ಹಿಡಿದ. ಬೆರಳು ಸರಿಯಾಗಿ ಬೀಳಬೇಕಾದರೆ ಇನ್ನೂ ಹತ್ತಿರ ಬರಬೇಕಿತ್ತು. ಬಂದ. ಅವನ ಗಲ್ಲ ಅಣ್ಣನ ಹೆಗಲ ಮೇಲೆ ಕುಳಿತಿತು.

ವೃಷಭೇಂದ್ರ ಊದಿದ, ಸೋಮಶೇಖರ ಬೆರಳಾಡಿಸಿದ, ಹಾಲುಗಂಬದ ಮಟ್ಟು ಅಂಗಳಕ್ಕೆ ಇಳಿಯಿತು. ಮೊದಲ ಸಾಲಿನಲ್ಲಿ ಉಸಿರು ಮುಂದೆ, ಬೆರಳು ಹಿಂದೆ. ಎರಡನೇ ಸಾಲಿಗೆ ಅಣ್ಣನ ಬೆನ್ನು ಏರುವುದನ್ನು ತಮ್ಮನ ಎದೆ ತಿಳಿದುಕೊಂಡಿತು, ಅಲ್ಲಿಂದ ಎರಡೂ ಒಟ್ಟಿಗೆ ಹೋದವು. ಅತ್ತಿಯ ಕೊಂಬೆ ಗುಂಡಿಗಿಳಿಯಿತು, 'ಹರಹರ ಮಹಾದೇವ' ಎಂದು ಜನ ಕೂಗಿದರು, ಹಾಲು ಬಿತ್ತು, ಅಕ್ಕಿ ಚೆಲ್ಲಾಡಿತು, ಗದ್ದಲವೋ ಗದ್ದಲ. ಮೂರನೇ ಸಾಲು ಮುಗಿಯಿತು. ವೃಷಭೇಂದ್ರ ಬಾಯಿ ತೆಗೆಯಲು ಹೊರಟ.

"ಉಸ್ರು ಬುಡಬ್ಯಾಡ ಕಣಣ್ಣ," ಎಂದಿತು ಕಿವಿಯ ಹತ್ತಿರ ದನಿ. "ಇನ್ನೂ ಒಂದು ಸಾಲು ಅದ."

ಅವನು ಬಿಡಲಿಲ್ಲ. ಬೆರಳೆಲ್ಲ ಒಂದೊಂದಾಗಿ ಮುಚ್ಚಿಕೊಂಡು ಸ್ವರ ಕೆಳಗೆ, ಇನ್ನೂ ಕೆಳಗೆ ಇಳಿಯಿತು. ಇಷ್ಟು ಮದುವೆಯಲ್ಲಿ ಅವನ ಕಿವಿಗೆ ಎಂದೂ ಬೀಳದ ಸಾಲು. ಪ್ರತಿ ಸಲವೂ ಜನರ ಗದ್ದಲದಲ್ಲಿ ಮುಳುಗಿ ಹೋಗುತ್ತಿದ್ದ, ಅಪ್ಪ ತನಗಾಗಿಯೇ ನುಡಿಸಿಕೊಳ್ಳುತ್ತಿದ್ದ ಮೆಲ್ಲನೆಯ ಸಾಲು. ಕಣ್ಣು ಮುಚ್ಚಿ ಕೇಳಿದವನಿಗೆ ಸಿಗದೆ, ಮಂಡಿಯ ಬಳಿ ಕುಳಿತು ಕೈ ನೋಡಿದವನಿಗೆ ಮಾತ್ರ ಸಿಕ್ಕಿತ್ತು. ಈಗಲೂ ಅಂಗಳದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಇಬ್ಬರಿಗೆ ಕೇಳಿಸಿತು. ಸ್ವರ ನಿಂತ ಮೇಲೂ ಸೋಮಶೇಖರ ತೋಳು ತೆಗೆಯಲಿಲ್ಲ, ವೃಷಭೇಂದ್ರನೂ ಏಳಲಿಲ್ಲ. ಅವನಿಗೆ ಕಣ್ಣು ತುಂಬಿ ಎದುರಿಗಿದ್ದ ಹಾಲುಗಂಬ ಎರಡಾಗಿ ಕಂಡಿತು.

ಮದುವೆ ಚೆನ್ನಾಗಿ ಆಯಿತು. ಹೆಣ್ಣನ್ನು ಗೆಟ್ಟವಾಡಿಗೆ ಕಳಿಸಿಕೊಟ್ಟ ಮಾರನೇ ದಿನವೇ ಅಣ್ಣತಮ್ಮಂದಿರು ಮತ್ತೆ ಜಗಳಕ್ಕೆ ನಿಂತರು. ಕ್ಲಾರಿನೆಟ್ ಪೂರ್ತಿ ನೀನೇ ಇಟ್ಟುಕೋ ಎಂದು ವೃಷಭೇಂದ್ರ, ಛೆ, ಹಿರಿಯವನು ನೀನಿರುವಾಗ ನಾನು ಹೇಗೆ ಇಟ್ಟುಕೊಳ್ಳಲಿ ಎಂದು ಸೋಮಶೇಖರ. ಪೆಟ್ಟಿಗೆ ನಾಲ್ಕು ಸಲ ಇಟ್ಟಿಗೆ ದಾಟಿತು. ದನಿ ಏರುವುದನ್ನು ಕೇಳಿ ಶಾಂತಮಲ್ಲಮ್ಮ ಹೊರಗೆ ಬಂದಳು. ಪ್ರಭುಸ್ವಾಮಿಯನ್ನು ಕರೆಸಲಿಲ್ಲ, ಹತ್ತು ಜನರನ್ನು ಸೇರಿಸಲಿಲ್ಲ. ಪೆಟ್ಟಿಗೆ ತೆರೆಸಿ, ಕ್ಲಾರಿನೆಟ್ಟನ್ನು ಬಿಚ್ಚಿಸಿ, ಪೀಪಿಯನ್ನು ಸೋಮಶೇಖರನ ಅಂಗೈಗಿಟ್ಟಳು, ಕೊಳವೆಯನ್ನು ವೃಷಭೇಂದ್ರನ ತೊಡೆಯ ಮೇಲಿಟ್ಟಳು.

"ಒಂದು ವರ್ಷ," ಎಂದಳು. "ಅವನ್ಗ ಉಸ್ರು ಬರ್ಲಿ, ನಿಂಗ ಬೆರಳು ಬರ್ಲಿ. ಆಮೇಲ ನೋಡನ."

ಈಗ ಪಣಕಹಳ್ಳಿಯಲ್ಲಿ ಬೆಳಿಗ್ಗೆ ಆರಕ್ಕೆ ಪೀಪಿ ಕೂಗುವುದು ಜಗುಲಿಯ ಆಚೆ ತುದಿಯಿಂದ. ಸೋಮಶೇಖರ ಇನ್ನೂ ಕರು ಹಗ್ಗ ಕಿತ್ತು ಓಡುವ ಹಂತದಲ್ಲಿದ್ದಾನೆ. ಈಚೆ ತುದಿಯಲ್ಲಿ ವೃಷಭೇಂದ್ರ ಸದ್ದಿಲ್ಲದ ಕೊಳವೆ ಹಿಡಿದು ಕುಳಿತು, ತಪ್ಪು ತೂತಿಗೆ ಬೆರಳಿಟ್ಟು, ತುಟಿ ಸಡಿಲ ಬಿಡು ಎಂದು ತಮ್ಮನಿಗೆ ಕೂಗಿ ಹೇಳುತ್ತಾನೆ. ಕಿರುಬೆರಳು ಎತ್ತು ಎಂದು ಆಚೆಯಿಂದ ಉತ್ತರ ಬರುತ್ತದೆ. ನಡುವಿನ ಇಟ್ಟಿಗೆಯ ಸಾಲು ಹಾಗೇ ಇದೆ. ಅದರ ಮೇಲೆ ಚನ್ನಬಸಮ್ಮ ಎರಡು ಲೋಟ ಕಾಫಿ ಇಟ್ಟು ಹೋಗುತ್ತಾಳೆ.